ಕೋಣಗರುವಿಗೂ ಒಂದು ಸೂಜಿ
(ದೃಶ್ಯ: ಪುಣೆಯ ಹಡಪ್ಸರದಾಚೆಯ ಒಂದು ಗೋಠಾ, ಅಂದರೆ ದನದ ಕೊಟ್ಟಿಗೆ; ಮೇ ತಿಂಗಳ ಬೆಳಗು)

ನಮಸ್ಕಾರ. ಪುಣೆಯ ಅಂಚಿನಲ್ಲಿ ಎಮ್ಮೆ ಕಟ್ಟಿಕೊಂಡು ಬದುಕುವ ವಿಜಯಪುರ, ಕಲಬುರಗಿ ಕಡೆಯವರಿಗಾಗಿ ಇವತ್ತಿನ ಮಾತು. ಇಲ್ಲಿನ ದನದ ಡಾಕ್ಟರು ‘ಘಟಸರ್ಪ’ ಎಂದಾಗ ಹಾವು ಕಚ್ಚಿತೇ ಎಂದು ಗಾಬರಿ ಬಿದ್ದವರನ್ನು ಕಂಡಿದ್ದೇನೆ. ಹಾವಲ್ಲ, ನಮ್ಮೂರಿನ ಗಳಲೆ ರೋಗವೇ.

ಸಂಜೆ ಮೇವು ತಿಂದ ಕರು ಬೆಳಿಗ್ಗೆ ಮೂತಿ ಮುಂದೆ ಚಾಚಿ ನಿಂತಿರುತ್ತದೆ. ಜೊಲ್ಲು ಸುರಿಯುತ್ತಿರುತ್ತದೆ, ಜ್ವರ 106 ಡಿಗ್ರಿಯ ಆಸುಪಾಸು. ಗಂಟಲ ಕೆಳಗೆ ಕೈಯಿಟ್ಟರೆ ಸುಡುವ ಗಟ್ಟಿ ಬಾವು. ಮುಟ್ಟಿಸಿಕೊಳ್ಳದೆ ತಲೆ ಕೊಡವುತ್ತದೆ. ಬಾವು ಎದೆಗಿಳಿಯುತ್ತದೆ, ಉಸಿರು ಗೊರಗೊರ ಎನ್ನುತ್ತದೆ. ಆ ಸದ್ದು ಕೇಳಿದ ಮೇಲೆ ಬದುಕಿದ ಎಮ್ಮೆ ಅಪರೂಪ. ಎಷ್ಟೋ ಸಲ ಒಂದು ದಿನದೊಳಗೆ ಎಲ್ಲ ಮುಗಿದಿರುತ್ತದೆ.

ಇದನ್ನು ತರುವುದು ಪಾಶ್ಚುರೆಲ್ಲಾ ಮಲ್ಟೊಸಿಡಾ ಎಂಬ ಬ್ಯಾಕ್ಟೀರಿಯಾ. ಅದು ಹೊರಗಿನಿಂದಲೇ ಬರಬೇಕೆಂದಿಲ್ಲ. ಆರೋಗ್ಯವಾಗಿರುವ ಕೆಲವು ಎಮ್ಮೆಗಳ ಟಾನ್ಸಿಲ್‌ನಲ್ಲೇ ಬಾಡಿಗೆಯವನಂತೆ ತಣ್ಣಗೆ ಕುಳಿತಿರುತ್ತದೆ. ಮೊದಲ ಮಳೆಯ ತೇವ, ಮೇವಿನ ಅಭಾವ, ಲಾರಿಯ ದೂರದ ಪಯಣ, ಯಾವುದೋ ಒಂದರಲ್ಲಿ ಮೈ ಸೋತಾಗ ಎದ್ದು ಕೂರುತ್ತದೆ. 2015ರ ಮೇನಲ್ಲಿ ಕಜಕಸ್ತಾನದಲ್ಲಿ ಬಿಸಿ ಮತ್ತು ತೇವ ವಾಡಿಕೆ ಮೀರಿದಾಗ ಎರಡು ಲಕ್ಷಕ್ಕೂ ಹೆಚ್ಚು ಸೈಗಾ ಜಿಂಕೆಗಳು ಕೆಲವೇ ವಾರಗಳಲ್ಲಿ ಸತ್ತವು. ಕೊಂದದ್ದು ಇದೇ ಬ್ಯಾಕ್ಟೀರಿಯಾ.

ಈಗ ನನ್ನ ತಕರಾರು. ಹಾಲಿನ ಎಮ್ಮೆಗೆ ತಪ್ಪದೆ ಲಸಿಕೆ ಹಾಕಿಸುತ್ತೇವೆ, ಮಾಂಸಕ್ಕೆ ಹೋಗುವ ಕೋಣಗರುವನ್ನು ‘ಅದಕ್ಕೇಕೆ ಖರ್ಚು’ ಎಂದು ಬಿಟ್ಟುಬಿಡುತ್ತೇವೆ. 2015ರ ಕಾನೂನು ಬಂದಾಗಿನಿಂದ ಮಹಾರಾಷ್ಟ್ರದಲ್ಲಿ ಎತ್ತು, ಹೋರಿಗಳ ವಧೆಯೂ ನಿಷಿದ್ಧ. ಇಲ್ಲಿ ಬೀಫ್ ಎಂದರೆ ಎಮ್ಮೆ, ಕೋಣಗಳ ಮಾಂಸವೇ. ರೋಗ ಹೆಚ್ಚಾಗಿ ಹಿಡಿಯುವುದೋ ಆರು ತಿಂಗಳಿಂದ ಎರಡು ವರ್ಷದೊಳಗಿನ ಪ್ರಾಯದವನ್ನು. ಬಿಟ್ಟದ್ದನ್ನೇ ಅದು ಹುಡುಕಿಕೊಂಡು ಬರುತ್ತದೆ.

(ದೃಶ್ಯ: ಐಸ್ ಪೆಟ್ಟಿಗೆಯಿಂದ ಬಾಟಲಿ ತೆಗೆಯುವ ಕೈ)

ಗಟ್ಟಿ ಹಾಲಿನಂತೆ ಬೆಳ್ಳಗಿರುವ ಇದು ಎಣ್ಣೆ ಬೆರೆಸಿದ ಲಸಿಕೆ. ಗಳಲೆ ರೋಗದ ಲಸಿಕೆ ನಮ್ಮ ಪುಣೆಯ ಔಂಧದ ಸರ್ಕಾರಿ ಸಂಸ್ಥೆಯಲ್ಲೂ ತಯಾರಾಗುತ್ತದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿದಿರೋ, ಚೆಲ್ಲಿಬಿಡಿ. ಡಾಕ್ಟರು ಕುತ್ತಿಗೆಯ ಸ್ನಾಯುವಿಗೇ ಕೊಡುತ್ತಿರುವುದನ್ನು ನೋಡಿ. ಚುಚ್ಚಿದಲ್ಲಿ ಕೆಲವು ದಿನ ಗಂಟು ನಿಲ್ಲಬಹುದು. ತೊಡೆಗೆ ಚುಚ್ಚಿದರೆ ಬೆಲೆ ಬಾಳುವ ಮಾಂಸವೇ ಕೆಡುತ್ತದೆ.

ಸೂಜಿ ಬಿದ್ದ ದಿನವೇ ರಕ್ಷಣೆ ಸಿಗುವುದಿಲ್ಲ, ಎರಡು ಮೂರು ವಾರ ಬೇಕು. ಹೊಸ ಜಾನುವಾರು ಕೊಂಡಾಗಲೂ ಇದೇ ಲೆಕ್ಕ: ಲಾರಿ ಹತ್ತಿಸುವ ಮೊದಲೇ ಹಾಕಿಸಬೇಕು, ಇಳಿಸಿದ ಮೇಲಲ್ಲ. ಪುಣೆಗೆ ಮುಂಗಾರು ಸಾಮಾನ್ಯವಾಗಿ ಜೂನ್ ಎರಡನೆಯ ವಾರದ ಹೊತ್ತಿಗೆ ಬರುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿ.

(ದೃಶ್ಯ: ಗೋಠಾದ ಕಂಬ)

ಈ ಮನೆಯವರು ಸುಣ್ಣದಲ್ಲಿ ಬರೆದಿಟ್ಟಿದ್ದಾರೆ: ಮೇ 18. ಎಮ್ಮೆ 11, ಕರು 4.