ಎಳಿ ಅಂದ್ರಾ, ಇಳಿ ಅಂದ್ರಾ? ಟ್ರ್ಯಾಡ್ ಕ್ಲೈಂಬಿಂಗ್‌ಗೆ ಜೊತೆಗಾರರು, ಮೊದಲ ದಾರಿ

[ದೃಶ್ಯ: ಬೆರಳಗಲದ ಬಿರುಕು. ಒಂದು ಕೈ ಸಣ್ಣ ಲೋಹದ ತುಂಡನ್ನು ಒಳಗಿಳಿಸಿ ಕೆಳಕ್ಕೆ ಜಗ್ಗುತ್ತದೆ.]

ಇದು ನಟ್. ಒಂದು ಅಲ್ಯೂಮಿನಿಯಂ ತುಂಡು, ಒಂದು ತಂತಿ, ಅಷ್ಟೇ. ಬಿರುಕು ಕೆಳಗಡೆ ಕಿರಿದಾಗೋ ಜಾಗ ನೋಡಿ ಇಳಿಸಿದ್ರೆ ಬೆಣೆ ಥರ ಕೂತ್ಕೊಳ್ಳುತ್ತೆ. ನಾನು ಜಾರಿದ್ರೆ ನನ್ನನ್ನ ಉಳಿಸೋದು ಇದು, ಮತ್ತೆ ಹಗ್ಗದ ಆ ತುದಿಯಲ್ಲಿ ನಿಂತಿರೋ ಮನುಷ್ಯ. ಇವತ್ತಿನ ಮಾತು ಹೆಚ್ಚಾಗಿ ಆ ಮನುಷ್ಯನ ಬಗ್ಗೆ.

ನಮಸ್ಕಾರ. ಟ್ರ್ಯಾಡ್ ಅಂದ್ರೆ ಏನು ಅಂತ ಎರಡೇ ಮಾತಲ್ಲಿ ಹೇಳ್ಬಿಡ್ತೀನಿ. ಮುಂದೆ ಹತ್ತೋರು ಬಿರುಕು ಸಿಕ್ಕಲ್ಲೆಲ್ಲ ನಟ್, ಇಲ್ಲಾ ಕ್ಯಾಮ್ (ಬಿರುಕಿನೊಳಗೆ ಅರಳಿ ಕಚ್ಕೊಳ್ಳೋ ಹಲ್ಲುಗಳಿರೋ ಸಾಧನ) ಕೂರಿಸಿ ಅದಕ್ಕೆ ಹಗ್ಗ ಸಿಕ್ಕಿಸ್ತಾ ಹೋಗ್ತಾರೆ. ಹಿಂದೆ ಬರೋರು ಒಂದೊಂದನ್ನೂ ಬಿಚ್ಕೊಂಡು ಬರ್ತಾರೆ. ಬಂಡೆ ಮೊದಲು ಹೇಗಿತ್ತೋ ಹಾಗೇ ಉಳಿಯುತ್ತೆ.

ಬೆಂಗಳೂರಲ್ಲಿ ಇದನ್ನ ಕಲಿಯೋಕೆ ಆಸೆಪಡೋರು ನನಗೆ ಕೇಳೋ ಮೊದಲ ಪ್ರಶ್ನೆ "ಯಾವ ರೂಟು?" ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು "ಯಾರ ಜೊತೆ?" ಅಂತ.

[ದೃಶ್ಯ: ಸಂಜೆ ಹೊತ್ತು ಕಂಠೀರವ ಸ್ಟೇಡಿಯಂನ ಕ್ಲೈಂಬಿಂಗ್ ಗೋಡೆ.]

ಜೊತೆ ಹುಡುಕೋಕೆ ಈ ಗೋಡೆ ಒಳ್ಳೆ ಜಾಗ. ಮೊದಲ ದಿನವೇ ಪರಿಚಯ ಮಾಡ್ಕೊಂಡು ಭಾನುವಾರ ಬಂಡೆಗೆ ಹೊರಟುಬಿಡಬೇಡಿ. ಒಂದೆರಡು ವಾರ ಸುಮ್ನೆ ಗಮನಿಸಿ. ಯಾರು ಎಷ್ಟು ಕಷ್ಟದ ದಾರಿ ಹತ್ತುತ್ತಾರೆ ಅನ್ನೋದನ್ನ ಬಿಡಿ, ಹಗ್ಗ ಹಿಡಿದಾಗ ಅವರ ಕಣ್ಣು ಎಲ್ಲಿರುತ್ತೆ ನೋಡಿ. ಬ್ರೇಕ್ ಕಡೆಯ ಹಗ್ಗದಿಂದ, ಅಂದ್ರೆ ಬೀಳೋರನ್ನ ತಡೆಯೋಕೆ ಹಿಡ್ಕೊಂಡಿರೋ ಹಗ್ಗದಿಂದ, ಕೈ ಒಂದು ಕ್ಷಣವಾದ್ರೂ ಬಿಡ್ತಾರಾ? ಹತ್ತೋಕೆ ಮುಂಚೆ ಇನ್ನೊಬ್ಬರ ಗಂಟು, ಹಾರ್ನೆಸ್ (ಸೊಂಟಕ್ಕೆ ಕಟ್ಟೋ ಪಟ್ಟಿ) ಬಕಲ್, ಕ್ಯಾರಬಿನರ್ (ಹಗ್ಗ ಸಿಕ್ಕಿಸೋ ಲೋಹದ ಕೊಂಡಿ) ಲಾಕ್ ಮುಟ್ಟಿ ನೋಡ್ತಾರಾ? ಇಪ್ಪತ್ತು ವರ್ಷದಿಂದ ಹತ್ತುತ್ತಿರೋರೂ ಇದನ್ನ ಪ್ರತಿ ಸಲ ಮಾಡಬೇಕು. "ನನ್ನನ್ನೇನು ನೋಡ್ತೀಯ, ಬಿಡು" ಅನ್ನೋರ ಜೊತೆ ನಾನಂತೂ ಹೋಗಲ್ಲ.

ಪೂರ್ತಿ ಹೊಸಬರಾದ್ರೆ ಮೊದಲು ಒಂದು ಕೋರ್ಸ್ ಮಾಡಿ. ಸರ್ಕಾರದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಶಿಲಾರೋಹಣದ ತರಬೇತಿ ಕೊಡುತ್ತೆ. ಅಲ್ಲಿ ಜೊತೆಗೆ ಕಲಿತೋರೇ ಎಷ್ಟೋ ಸಲ ಮುಂದೆ ಜೊತೆಗಾರರಾಗ್ತಾರೆ.

ಈಗ ನನ್ನದೇ ಒಂದು ಅನುಭವ. ರಾಮನಗರದ ಕಡೆ ಒಂದು ಬಂಡೆ. ನಾನು ಸುಮಾರು ಮೂವತ್ತು ಮೀಟರ್ ಮೇಲಿದ್ದೆ, ಗಾಳಿ ಜೋರು. ಹಗ್ಗ ಸಡಿಲ ಇದೆ ಅನ್ನಿಸಿ "ಎಳಿ!" ಅಂತ ಕೂಗಿದೆ. ಕೆಳಗೆ ನನ್ನ ಹಗ್ಗ ಹಿಡಿದಿದ್ದ ಜೊತೆಗಾರ್ತಿ ಅಕ್ಕನಿಗೆ ಕೇಳಿಸಿದ್ದು "ಇಳಿ". ಇಳಿಸು ಅಂತಿದ್ದಾನೇನೋ ಅಂತ ಅವರಿಗೆ ಅನುಮಾನ. ಪುಣ್ಯಕ್ಕೆ ಅವರು ಏನನ್ನೂ ಮಾಡ್ಲಿಲ್ಲ. ಹಗ್ಗ ಗಟ್ಟಿಯಾಗಿ ಹಿಡ್ಕೊಂಡು, ನಾನು ಮತ್ತೆ ಕೂಗೋ ತನಕ ಕಾದ್ರು. ಆ ಅಕ್ಕ ಗೋಡೆ ಮೇಲೆ ನನಗಿಂತ ಕಡಿಮೆ ಹತ್ತುತ್ತಾರೆ. ಆದ್ರೆ ಅವತ್ತಿನಿಂದ ಕಷ್ಟದ ಬಂಡೆಗೆ ಹೋಗೋದಾದ್ರೆ ನಾನು ಮೊದಲು ಫೋನ್ ಮಾಡೋದು ಅವರಿಗೇ.

[ಪರದೆ ಮೇಲೆ: ಬಿಗಿ / ಸಡಿಲ]

ಈಗ ನಮ್ಮಿಬ್ಬರ ಮಾತು ಇವೆರಡೇ, ಬಿಗಿ ಮತ್ತು ಸಡಿಲ. ಒಂದಕ್ಕೊಂದು ಎಲ್ಲೂ ಹೋಲಲ್ಲ. "ಬಿಡು" ಅನ್ನೋ ಪದವನ್ನ ಬಂಡೆ ಮೇಲೆ ಇಬ್ಬರೂ ಆಡೋದೇ ಇಲ್ಲ. ಪಕ್ಕದಲ್ಲಿ ಬೇರೆ ತಂಡ ಇದ್ರೆ ಕೊನೆಗೆ ಹೆಸರು ಸೇರಿಸಿ ಕೂಗ್ತೀವಿ. ಏನೂ ಕೇಳಿಸದಿದ್ರೆ ಹಗ್ಗ ಎಷ್ಟು ಸಲ ಜಗ್ಗಿದ್ರೆ ಏನರ್ಥ ಅನ್ನೋದನ್ನೂ ನೆಲದ ಮೇಲೇ ಮಾತಾಡ್ಕೊಂಡಿರ್ತೀವಿ. ನೀವು ಕನ್ನಡದಲ್ಲಿ ಕೂಗಿ, ಇಂಗ್ಲಿಷಲ್ಲಿ ಕೂಗಿ, ಹೊರಡೋಕೆ ಮುಂಚೆ ಗಟ್ಟಿಯಾಗಿ ಒಂದು ಸಲ ಹೇಳಿ ನೋಡಿ.

ಇನ್ನು ದಾರಿ.

[ದೃಶ್ಯ: ಸಾವನದುರ್ಗದ ಬಂಡೆ, ದೂರದಿಂದ.]

ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು. ಈ ಸುತ್ತಿನ ಕಲ್ಲಿಗೂ ಅದೇ ಹೆಸರು, ಕ್ಲೋಸ್‌ಪೇಟೆ ಗ್ರಾನೈಟ್. ಸುಮಾರು 250 ಕೋಟಿ ವರ್ಷ ಹಳೇದು. ಇದು ಈರುಳ್ಳಿ ಸಿಪ್ಪೆ ಥರ ಪದರ ಪದರವಾಗಿ ಕಳಚ್ಕೊಂಡು ಬರೋದ್ರಿಂದ ನಮ್ಮ ಬೆಟ್ಟಗಳು ದುಂಡಗೆ, ನುಣ್ಣಗೆ ಇವೆ. ಸಾವನದುರ್ಗದಲ್ಲಿ ನೂರಾರು ಅಡಿ ಬೋಳು ಇಳಿಜಾರು, ಪಾದದ ಹಿಡಿತದ ಮೇಲೇ ನಡೆಯಬೇಕು. ಬಿರುಕು ಇಲ್ಲದ ಕಡೆ ನಟ್ ಎಲ್ಲಿ ಕೂರಿಸ್ತೀರಿ? ಹಾಗಾಗಿ ಅಲ್ಲಿ ಸುಲಭ ಗ್ರೇಡಿನ ದಾರಿಯಲ್ಲೂ ಒಂದು ರಕ್ಷಣೆಯಿಂದ (ಹಗ್ಗ ಸಿಕ್ಕಿಸಿದ ಜಾಗದಿಂದ) ಇನ್ನೊಂದಕ್ಕೆ ತುಂಬ ದೂರ ಇರಬಹುದು. ಕೊನೆಯ ರಕ್ಷಣೆಗಿಂತ 3 ಮೀಟರ್ ಮೇಲಿದ್ದು ಜಾರಿದ್ರೆ ಬೀಳೋದು 6 ಮೀಟರ್, ಜೊತೆಗೆ ಹಗ್ಗ ಹಿಗ್ಗಿದ್ದು, ಸಡಿಲ ಇದ್ದದ್ದು.

ಗ್ರೇಡಿನ ಅಂಕಿ ಈ ದೂರವನ್ನ ಹೇಳಲ್ಲ, ಹೆಜ್ಜೆ ಎಷ್ಟು ಕಷ್ಟ ಅಂತ ಮಾತ್ರ ಹೇಳುತ್ತೆ. ಅಮೆರಿಕದ ಪದ್ಧತಿಯ 5.10 ಅನ್ನೋದನ್ನ ಫೈವ್ ಟೆನ್ ಅಂತ ಓದಬೇಕು, ಅದು 5.9ಕ್ಕಿಂತ ಕಷ್ಟ. ಗೋಡೆ ಮೇಲೆ 5.10 ಹತ್ತೋರು ಮೊದಲ ಟ್ರ್ಯಾಡ್ ಲೀಡ್‌ಗೆ, ಅಂದ್ರೆ ಮುಂದೆ ಹತ್ತೋಕೆ, 5.5, 5.6ರ ಹತ್ತಿರದ್ದನ್ನ ಆರಿಸ್ಕೊಳ್ಳಿ ಅಂತೀನಿ. ಒಂದೇ ಕಾಲಿನ ಮೇಲೆ ಐದು ನಿಮಿಷ ನಿಂತು, ಸರಿಯಾದ ನಟ್ ಹುಡುಕಿ, ಕೂರಿಸಿ, ಜಗ್ಗಿ ನೋಡೋಷ್ಟು ಸಮಾಧಾನ ಬೇಕಲ್ಲ, ಅದಕ್ಕೆ. ಜೊತೆಗೆ ಬಿರುಕು ಉದ್ದಕ್ಕೂ ಇರಬೇಕು, ಕೆಳಗಿಂದ ಕಣ್ಣಿಗೆ ಕಾಣಬೇಕು, ಒಂದೇ ಪಿಚ್‌ಗೆ, ಅಂದ್ರೆ ಒಂದು ಹಗ್ಗದ ಉದ್ದದೊಳಗೇ, ಮುಗೀಬೇಕು. ನಡುವೆ ಧೈರ್ಯ ಸಾಲದಿದ್ರೆ ವಾಪಸ್ ಇಳಿಯೋಕೆ ದಾರಿ ಇರಬೇಕು.

ಲೀಡ್ ಮಾಡೋಕೆ ಮುಂಚೆ ಹತ್ತಾರು ಸಲ ಹಿಂದೆ ಹೋಗಿ. ಬೇರೆಯವರು ಕೂರಿಸಿದ ಕ್ಯಾಮ್ ಬಿಚ್ಚುವಾಗ ಅದು ಯಾಕೆ ನಿಂತಿತ್ತು ಅಂತ ಬೆರಳಿಗೇ ಗೊತ್ತಾಗುತ್ತೆ. ಅದರ ನಾಲ್ಕೂ ಹಲ್ಲು ಕಲ್ಲಿಗೆ ತಾಗಿತ್ತಾ, ಅರ್ಧಕ್ಕಿಂತ ಹೆಚ್ಚು ಮಡಚ್ಕೊಂಡಿತ್ತಾ? ಕಲ್ಲನ್ನೂ ತಟ್ಟಿ ನೋಡಿ, ಅಂಗಡಿಯಲ್ಲಿ ಕಲ್ಲಂಗಡಿ ತಟ್ತೀವಲ್ಲ, ಹಾಗೆ. ಡಬ್ ಡಬ್ ಅಂತ ಟೊಳ್ಳು ಸದ್ದು ಬಂದ್ರೆ ಅದು ಸಡಿಲ ಚಕ್ಕೆ, ಅದರ ಹಿಂದೆ ಏನನ್ನೂ ಕೂರಿಸಬೇಡಿ.

[ದೃಶ್ಯ: ಬಂಡೆಯ ಚಾಚಿನ ಕೆಳಗೆ ನೇತಾಡುವ ಹೆಜ್ಜೇನು ಹುಟ್ಟಿ.]

ಒಂದು ವಿಷಯದಲ್ಲಿ ರಾಜಿ ಬೇಡ. ಹೆಜ್ಜೇನು. ದಾರಿಯ ಹತ್ತಿರ ಎಲ್ಲಾದ್ರೂ ಹುಟ್ಟಿ ಕಂಡ್ರೆ ಹತ್ತಬೇಡಿ. ಹಗ್ಗದಲ್ಲಿ ನೇತಾಡ್ತಿರೋರು ಓಡೋಕಾಗಲ್ಲ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ, ಅವು ಬಂಡೆಯ ಚಾಚುಗಳಲ್ಲೇ ಗೂಡು ಕಟ್ಟೋದು. ಅಲ್ಲಿಂದ ದೂರ ಇರಿ. ಬೇರೆ ಬೆಟ್ಟಕ್ಕೂ ಅರಣ್ಯ ಇಲಾಖೆ ಅನುಮತಿ ಬೇಕಾ ಅಂತ ಮೊದಲೇ ವಿಚಾರಿಸಿ.

ಕಳೆದ ಚಳಿಗಾಲದಲ್ಲಿ ನಾವಿಬ್ಬರೂ ಕತ್ತಲಿರುವಾಗಲೇ ಮನೆ ಬಿಟ್ಟು, ತಟ್ಟೆ ಇಡ್ಲಿ ತಿಂದು, ಏಳಕ್ಕೆಲ್ಲ ಬಂಡೆ ಬುಡದಲ್ಲಿದ್ವಿ. ಅಕ್ಕ ತಲೆ ಎತ್ತಿ ಸ್ವಲ್ಪ ಹೊತ್ತು ನೋಡಿ, "ಮೇಲೆ ಗುಂಯ್ ಅಂತಿದೆ ಕಣೋ, ಇವತ್ತು ಬೇಡ" ಅಂದ್ರು. ನನಗೆ ಏನೂ ಕೇಳಿಸಿರಲಿಲ್ಲ. ಆದ್ರೂ ಹಗ್ಗ ಸುತ್ತಿ ಚೀಲಕ್ಕೆ ಹಾಕ್ಕೊಂಡೆ. ಆಮೇಲೆ ಕೆಳಗಿನ ಸಣ್ಣ ಬಂಡೆಗಳಲ್ಲಿ, ನೆಲದ ಮೇಲೇ ನಿಂತು, ಮಧ್ಯಾಹ್ನದ ತನಕ ನಟ್ ಕೂರಿಸೋದು ಬಿಚ್ಚೋದು ಮಾಡಿದ್ವಿ.