ಎರಡನೆಯ ಲೋಟ: ಪ್ರೌಢಶಾಲೆಯಲ್ಲಿ ಜೈವಿಕ ತಂತ್ರಜ್ಞಾನದ ಪ್ರಯೋಗಗಳು

ಕಾಸರಗೋಡು, ಕುಂಬಳೆ, ಮಂಜೇಶ್ವರ ಉಪಜಿಲ್ಲೆಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ವಿಜ್ಞಾನ ಕಲಿಸುತ್ತಿರುವ ಅಧ್ಯಾಪಕ ಬಂಧುಗಳೇ,

ಹತ್ತನೆಯ ತರಗತಿಯ ಜೀವಶಾಸ್ತ್ರದಲ್ಲಿ ನಾವು ಡಿಎನ್‌ಎಯ ರಚನೆಯನ್ನು ಕಲಿಸುತ್ತೇವೆ, ಇನ್ಸುಲಿನ್ ತಯಾರಿಸಿ ಕೊಡುವ ಬ್ಯಾಕ್ಟೀರಿಯಾಗಳ ವಿಷಯ ಹೇಳುತ್ತೇವೆ, ಡಿಎನ್‌ಎ ಬೆರಳಚ್ಚಿನಿಂದ ಅಪರಾಧಿಯನ್ನು ಪತ್ತೆ ಹಚ್ಚುವ ಬಗೆಯನ್ನೂ ವಿವರಿಸುತ್ತೇವೆ. ಇವೆಲ್ಲ ಕಪ್ಪುಹಲಗೆಯ ಚಿತ್ರದಲ್ಲಿ ಹುಟ್ಟಿ ಪ್ರಶ್ನೆಪತ್ರಿಕೆಯ ಚಿತ್ರದಲ್ಲಿ ಕೊನೆಗೊಳ್ಳುತ್ತವೆ. ರಸಾಯನಶಾಸ್ತ್ರಕ್ಕೆ ಲಿಟ್ಮಸ್ ಕಾಗದವಾದರೂ ಉಂಟು, ಭೌತಶಾಸ್ತ್ರಕ್ಕೆ ಮಸೂರವೂ ಅಯಸ್ಕಾಂತವೂ ಉಂಟು. ಜೈವಿಕ ತಂತ್ರಜ್ಞಾನಕ್ಕೆ ಮಾತ್ರ ಸೀಮೆಸುಣ್ಣವೇ ಗತಿ. ಕಾರಣ ಕೇಳಿದರೆ ಉಪಕರಣಗಳಿಲ್ಲ, ಹಣವಿಲ್ಲ, ಸಮಯವಿಲ್ಲ ಎನ್ನುತ್ತೇವೆ. ಈ ಉತ್ತರ ಸುಳ್ಳಲ್ಲ. ಆದರೆ ಉಪಕರಣದ ಕೊರತೆಗಿಂತ ದೊಡ್ಡದೊಂದು ಕೊರತೆ ನಮ್ಮ ಪ್ರಯೋಗಗಳಲ್ಲಿ ಇದೆ ಎಂಬುದು ನನ್ನ ಅಭಿಪ್ರಾಯ. ನಾವು ಪ್ರಯೋಗವನ್ನು ಮಾಡಿ ತೋರಿಸುವಾಗ ಒಂದೇ ಲೋಟವನ್ನು ಇಡುತ್ತೇವೆ. ಅದರ ಪಕ್ಕದಲ್ಲಿ ತಾಳೆ ನೋಡುವುದಕ್ಕೆ ಎರಡನೆಯ ಲೋಟವನ್ನು ಇಡುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಆ ಎರಡನೆಯ ಲೋಟದ ವಿಷಯ.

ಶಾಸ್ತ್ರೋತ್ಸವಗಳಲ್ಲಿ, ಅಂದರೆ ಶಾಲಾ ವಿಜ್ಞಾನ ಮೇಳಗಳಲ್ಲಿ, ಈಗ ಬಹಳ ಜನಪ್ರಿಯವಾಗಿರುವ ಒಂದು ಪ್ರಯೋಗವನ್ನೇ ತೆಗೆದುಕೊಳ್ಳೋಣ. ಬಾಳೆಹಣ್ಣನ್ನು ಕಿವುಚಿ, ಉಪ್ಪು ನೀರು ಮತ್ತು ಪಾತ್ರೆ ತೊಳೆಯುವ ದ್ರವವನ್ನು ಬೆರೆಸಿ, ಸೋಸಿ, ಮೇಲಿನಿಂದ ತಣ್ಣಗಿನ ಆಲ್ಕೊಹಾಲನ್ನು ನಿಧಾನವಾಗಿ ಇಳಿಸಿದರೆ ಎರಡು ದ್ರವಗಳು ಕೂಡುವಲ್ಲಿ ಬಿಳಿಯ ನೂಲಿನಂಥ ವಸ್ತು ಮೇಲೇಳುತ್ತದೆ. ‘ಇದೇ ಡಿಎನ್‌ಎ’ ಎಂದು ನಾವು ಘೋಷಿಸುತ್ತೇವೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅದರ ಹಿಂದಿರುವ ವಿಜ್ಞಾನ ಸರಿಯಾದದ್ದೇ. ಪಾತ್ರೆ ತೊಳೆಯುವ ದ್ರವದಲ್ಲಿರುವ ಮಾರ್ಜಕವು ಜೀವಕೋಶದ ಮತ್ತು ಕೋಶಕೇಂದ್ರದ ಕೊಬ್ಬಿನ ಪೊರೆಗಳನ್ನು ಕರಗಿಸುತ್ತದೆ. ಉಪ್ಪಿನ ಸೋಡಿಯಂ ಅಯಾನುಗಳು ಡಿಎನ್‌ಎಯ ಫಾಸ್ಫೇಟ್ ಗುಂಪುಗಳ ಋಣ ವಿದ್ಯುದಂಶವನ್ನು ಮರೆಮಾಡುವುದರಿಂದ ಎಳೆಗಳು ಒಂದಕ್ಕೊಂದು ಹತ್ತಿರ ಬರಲು ಸಾಧ್ಯವಾಗುತ್ತದೆ. ನೀರಿನಲ್ಲಿ ಕರಗಿದ್ದ ಡಿಎನ್‌ಎ ಆಲ್ಕೊಹಾಲಿನಲ್ಲಿ ಕರಗದೆ ಹೊರಬೀಳುತ್ತದೆ. ಆದರೆ ಕಣ್ಣಿಗೆ ಕಂಡ ಬಿಳಿಯ ವಸ್ತುವೆಲ್ಲ ಡಿಎನ್‌ಎ ಎಂದು ಹೇಳಲು ನಮಗೆ ಆಧಾರವೇನು? ಬಾಳೆಹಣ್ಣಿನಲ್ಲಿ ಪೆಕ್ಟಿನ್ ಎಂಬ ಅಂಟು ವಸ್ತು ಹೇರಳವಾಗಿದೆ, ಅದೂ ಆಲ್ಕೊಹಾಲಿನಲ್ಲಿ ಹೆಪ್ಪುಗಟ್ಟಿ ಮೇಲೇಳುತ್ತದೆ. ಜೊತೆಗೆ ಆರ್‌ಎನ್‌ಎ ಇರುತ್ತದೆ, ಪ್ರೋಟೀನ್ ಇರುತ್ತದೆ. ಬುದ್ಧಿವಂತ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದರೆ ನಮ್ಮಲ್ಲಿ ಉತ್ತರ ಇರುವುದಿಲ್ಲ.

ಹಾಗೆಂದು ಪ್ರಯೋಗವನ್ನೇ ಕೈಬಿಡಬೇಕಾಗಿಲ್ಲ. ಬಾಳೆಹಣ್ಣಿನ ಬದಲು ಹಸಿರು ಬಟಾಣಿಯನ್ನು ಬಳಸಿರಿ, ಪೆಕ್ಟಿನ್ನಿನ ತೊಂದರೆ ಕಡಿಮೆಯಾಗುತ್ತದೆ. ನೂರು ಗ್ರಾಂ ಬಟಾಣಿಗೆ ಅರ್ಧ ಚಮಚ ಉಪ್ಪು ಮತ್ತು ಒಂದು ಲೋಟ ತಣ್ಣೀರು ಹಾಕಿ ಮಿಕ್ಸಿಯಲ್ಲಿ ಕೆಲವೇ ಸೆಕೆಂಡು ತಿರುಗಿಸಿ ಸೋಸಿದರೆ ಇಡೀ ತರಗತಿಗೆ ಸಾಕಾಗುವಷ್ಟು ರಸ ಸಿಗುತ್ತದೆ. ಬಳಿಕ ನಾಲ್ಕು ಲೋಟಗಳನ್ನು ಇಡಿರಿ. ಒಂದರಲ್ಲಿ ಎಲ್ಲವೂ ಇರಲಿ. ಎರಡನೆಯದರಲ್ಲಿ ಮಾರ್ಜಕ ಬೇಡ. ಮೂರನೆಯದರಲ್ಲಿ ಬಟಾಣಿಯೇ ಬೇಡ, ಉಪ್ಪು ನೀರು ಮತ್ತು ಮಾರ್ಜಕ ಮಾತ್ರ. ನಾಲ್ಕನೆಯದರಲ್ಲಿ ಮಧ್ಯಾಹ್ನದ ಊಟದ ಅನ್ನ ಬಸಿದ ತೆಳಿಯನ್ನು ಹಾಕಿರಿ. ಈ ನಾಲ್ಕನೆಯ ಲೋಟವೇ ನನಗೆ ಹೆಚ್ಚು ಪ್ರಿಯವಾದದ್ದು. ತೆಳಿಯಲ್ಲಿ ಹೇಳಿಕೊಳ್ಳುವಷ್ಟು ಡಿಎನ್‌ಎ ಇಲ್ಲ, ಇರುವುದು ಪಿಷ್ಟ; ಆದರೂ ಆಲ್ಕೊಹಾಲು ಬಿದ್ದೊಡನೆ ಅಲ್ಲಿಯೂ ಬೆಳ್ಳಗೆ ಏನೋ ಕಾಣಿಸಿಕೊಳ್ಳುತ್ತದೆ. ಅದು ನೂಲಿನಂತಿರದೆ ಹುಡಿಹುಡಿಯಾಗಿ, ಚೂರುಚೂರಾಗಿ ಇರುತ್ತದೆ, ಬಿದಿರ ಕಡ್ಡಿಗೆ ಸುತ್ತಿಕೊಳ್ಳುವುದಿಲ್ಲ. ಬೆಳ್ಳಗಿರುವುದೆಲ್ಲ ಡಿಎನ್‌ಎ ಅಲ್ಲ ಎಂಬುದನ್ನು ಮಕ್ಕಳು ಅಲ್ಲಿ ತಾವೇ ಕಂಡುಕೊಳ್ಳುತ್ತಾರೆ, ನೂಲು ಯಾಕೆ ಸುತ್ತಿಕೊಂಡಿತು, ಹುಡಿ ಯಾಕೆ ಸುತ್ತಿಕೊಳ್ಳಲಿಲ್ಲ ಎಂಬ ಪ್ರಶ್ನೆಯಿಂದ ಅಣುವಿನ ಉದ್ದದ ವಿಚಾರಕ್ಕೆ ಹೋಗಲು ದಾರಿಯೂ ಸಿಗುತ್ತದೆ.

ಈ ಸಂಶಯ ನಮ್ಮ ವಿದ್ಯಾರ್ಥಿಗಳಿಗೆ ಮೊದಲು ಬಂದದ್ದೇನಲ್ಲ. 1869ರಲ್ಲಿ ಜರ್ಮನಿಯ ಟ್ಯೂಬಿಂಗನ್ ಊರಿನಲ್ಲಿ, ಕೋಟೆಯ ಹಳೆಯ ಅಡುಗೆಮನೆಯೇ ಪ್ರಯೋಗಾಲಯವಾಗಿದ್ದ ಕಡೆ, ಫ್ರೆಡ್‌ರಿಕ್ ಮೀಶರ್ ಎಂಬ ಯುವಕ ಆಸ್ಪತ್ರೆಯ ಬ್ಯಾಂಡೇಜುಗಳಲ್ಲಿದ್ದ ಕೀವನ್ನು ತೊಳೆದು ಬಿಳಿ ರಕ್ತಕಣಗಳನ್ನು ಪಡೆದು, ಅವುಗಳ ಕೋಶಕೇಂದ್ರದಿಂದ ಹೊಸದೊಂದು ವಸ್ತುವನ್ನು ಬೇರ್ಪಡಿಸಿದನು. ಅವನ ಮುಂದಿದ್ದ ಪ್ರಶ್ನೆಯೂ ಇದೇ: ಇದು ಪ್ರೋಟೀನೇ ಅಥವಾ ಬೇರೆಯೇ? ಹಂದಿಯ ಜಠರದಿಂದ ಪಡೆದ, ಪ್ರೋಟೀನನ್ನು ಜೀರ್ಣಿಸುವ ಪೆಪ್ಸಿನ್ ಎಂಬ ಕಿಣ್ವವನ್ನು (ಎನ್‌ಜೈಮ್) ಅವನು ಬಳಸಿದನು. ಪ್ರೋಟೀನು ಕರಗಿತು, ಈ ವಸ್ತು ಕರಗದೆ ಉಳಿಯಿತು. ಅದರಲ್ಲಿ ರಂಜಕ ಬಹಳವಾಗಿದ್ದುದೂ ಗೊತ್ತಾಯಿತು. ಆಮೇಲೆಯೇ ಅವನು ಅದಕ್ಕೆ ನ್ಯೂಕ್ಲಿನ್ ಎಂದು ಹೆಸರಿಟ್ಟದ್ದು. ಬೇರ್ಪಡಿಸಿದ ಕೆಲಸಕ್ಕಿಂತ ಈ ತಾಳೆ ನೋಡಿದ ಕೆಲಸವನ್ನು ನಾವು ಪಾಠದಲ್ಲಿ ಹೇಳಬೇಕು. ದುರದೃಷ್ಟವಶಾತ್ ಹೇಳುವುದು ಹೆಸರು ಮತ್ತು ಇಸವಿ ಮಾತ್ರ.

ಆಲ್ಕೊಹಾಲಿನ ವಿಷಯದಲ್ಲಿ ಒಂದು ಮಾತು. ರೆಕ್ಟಿಫೈಡ್ ಸ್ಪಿರಿಟ್ಟಿಗೆ ಅಬಕಾರಿಯ ನಿಯಮಗಳಿವೆ, ಆ ತಲೆನೋವು ನಮಗೆ ಬೇಡ. ಐಸೊಪ್ರೊಪೈಲ್ ಆಲ್ಕೊಹಾಲು ಈ ಕೆಲಸಕ್ಕೆ ಧಾರಾಳವಾಗಿ ಸಾಕು, ಹಿಂದಿನ ದಿನವೇ ಅದನ್ನು ಶೈತ್ಯಪೆಟ್ಟಿಗೆಯಲ್ಲಿ ಇಟ್ಟರಾಯಿತು. ಬೆಂಕಿಯ ಹತ್ತಿರ ಮಾತ್ರ ಅದನ್ನು ತರಕೂಡದು.

ಇನ್ನು ಕಿಣ್ವಗಳಿಗೆ ಬರೋಣ. ನನ್ನನ್ನು ಕೇಳಿದರೆ ಪ್ರೌಢಶಾಲೆಯ ಜೈವಿಕ ತಂತ್ರಜ್ಞಾನ ಡಿಎನ್‌ಎಯಿಂದಲ್ಲ, ಕಿಣ್ವದಿಂದ ಆರಂಭವಾಗಬೇಕು, ಏಕೆಂದರೆ ಕಿಣ್ವದ ಕೆಲಸ ನಲವತ್ತು ನಿಮಿಷದ ಒಂದು ಪೀರಿಯಡ್ಡಿನೊಳಗೆ ಕಣ್ಣಿಗೆ ಕಾಣುತ್ತದೆ. ನಮ್ಮ ಹಿತ್ತಿಲುಗಳಲ್ಲಿ ಬಪ್ಪಂಗಾಯಿ, ಅಂದರೆ ಪಪ್ಪಾಯಿ, ಇಲ್ಲದ ಮನೆ ಅಪರೂಪ. ಎಳೆಯ ಕಾಯಿಯ ಮೇಲೆ ಬೆಳಗ್ಗೆ ಬ್ಲೇಡಿನಿಂದ ಉದ್ದಕ್ಕೆ ಒಂದು ಗೀರು ಎಳೆದರೆ ಬಿಳಿಯ ಸೊನೆ ಇಳಿಯುತ್ತದೆ. ಅದರಲ್ಲಿರುವುದು ಪಪೈನ್, ಪ್ರೋಟೀನನ್ನು ಕತ್ತರಿಸುವ ಕಿಣ್ವ. ಮಾಂಸ ಬೇಗ ಮೆತ್ತಗಾಗಲೆಂದು ಹಸಿ ಪಪ್ಪಾಯಿಯ ಹೋಳನ್ನು ಹಾಕುವ ಮನೆಗಳ ಮಕ್ಕಳಿಗೆ ಇದು ಹೊಸ ವಿಷಯವಲ್ಲ, ಹೆಸರು ಮಾತ್ರ ಹೊಸತು. ಕೆಲವು ತೊಟ್ಟು ಸೊನೆಯನ್ನು ನೀರಿನಲ್ಲಿ ಕದಡಿ, ಉಗುರು ಬೆಚ್ಚಗಿಗಿಂತ ತುಸು ಹೆಚ್ಚು ಬಿಸಿಯಾದ ಹಾಲಿಗೆ ಹಾಕಿ ಪ್ರನಾಳವನ್ನು ಓರೆಯಾಗಿ ಹಿಡಿದು ನೋಡಿದರೆ, ಗಾಜಿನ ಗೋಡೆಯ ಮೇಲೆ ಹರಿದು ಇಳಿಯುವ ಹಾಲಿನ ತೆಳು ಪದರದಲ್ಲಿ ಮೊದಲು ರವೆಯಂಥ ಕಣಗಳು ಕಾಣಿಸುತ್ತವೆ, ಅನಂತರ ಹಾಲು ಒಡೆದು ಗಟ್ಟಿ ಬೇರೆ, ನೀರು ಬೇರೆಯಾಗುತ್ತದೆ. ಮೊದಲ ಕಣ ಕಂಡ ಕ್ಷಣವನ್ನು ಗಡಿಯಾರ ನೋಡಿ ಬರೆದುಕೊಳ್ಳಬೇಕು. ತಣ್ಣಗಿನ ಹಾಲಿನಲ್ಲಿ ಎಷ್ಟು ಹೊತ್ತು, ಬಿಸಿ ಹಾಲಿನಲ್ಲಿ ಎಷ್ಟು ಹೊತ್ತು, ಚೆನ್ನಾಗಿ ಕುದಿಸಿದ ಸೊನೆಯಿಂದ ಏನಾಯಿತು ಎಂದು ಮೂರು ಗುಂಪುಗಳು ಬೇರೆ ಬೇರೆಯಾಗಿ ಅಳೆದರೆ ಒಂದು ರೇಖಾಚಿತ್ರಕ್ಕೆ ಬೇಕಾದ ಅಂಕಿಗಳು ಸಿಗುತ್ತವೆ. ಪಪೈನ್ ಬಿಸಿಯನ್ನು ಸಾಕಷ್ಟು ತಾಳಿಕೊಳ್ಳುವ ಕಿಣ್ವ, ಸುಮಾರು 60 ಡಿಗ್ರಿಯ ಆಸುಪಾಸಿನಲ್ಲಿ ಚುರುಕಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಕುದಿಸುವಾಗ ಒಂದೆರಡು ನಿಮಿಷಕ್ಕೆ ನಿಲ್ಲಿಸಬಾರದು.

ಇಲ್ಲಿ ಒಂದು ಸ್ವಾರಸ್ಯವಿದೆ. ಪಪ್ಪಾಯಿಯ ಬದಲು ಅನಾನಸಿನ ರಸವನ್ನು ಹಾಕಿದರೂ ಹಾಲು ಒಡೆಯುತ್ತದೆ, ಅನಾನಸಿನಲ್ಲಿಯೂ ಬ್ರೊಮೆಲೈನ್ ಎಂಬ ಅಂಥದೇ ಕಿಣ್ವವಿದೆ. ಆದರೆ ಅನಾನಸು ಹುಳಿ ಹಣ್ಣು. ಹಾಲನ್ನು ಒಡೆದದ್ದು ಕಿಣ್ವವೋ ಹುಳಿಯೋ? ರಸವನ್ನು ಕುದಿಸಿ ಆರಿಸಿ ಹಾಕಿದರೂ ಹಾಲು ಒಡೆದರೆ ಅದು ಹುಳಿಯ ಕೆಲಸ, ಕಿಣ್ವ ಕುದಿಯುವಾಗಲೇ ಕೆಟ್ಟಿರುತ್ತದೆ. ಹಾಗಾದರೆ ಬ್ರೊಮೆಲೈನಿನ ಕೆಲಸವನ್ನು ತೋರಿಸುವುದು ಹೇಗೆ? ಜೆಲಟಿನಿನಿಂದ ತೋರಿಸಬಹುದು. ಹಸಿ ಅನಾನಸು ಸೇರಿಸಿದ ಜೆಲಟಿನ್ ಎಷ್ಟು ಹೊತ್ತು ತಣ್ಣಗಿಟ್ಟರೂ ಹೆಪ್ಪುಗಟ್ಟುವುದಿಲ್ಲ. ಬೇಯಿಸಿದ ಅನಾನಸು ಸೇರಿಸಿದ್ದು ಗಟ್ಟಿಯಾಗುತ್ತದೆ. ಚೈನಾ ಗ್ರಾಸ್ ಮಾತ್ರ ಹಸಿ ಅನಾನಸಿನೊಂದಿಗೂ ಗಟ್ಟಿಯಾಗುತ್ತದೆ, ಏಕೆಂದರೆ ಅದು ಪ್ರೋಟೀನಲ್ಲ, ಕಡಲ ಪಾಚಿಯಿಂದ ತೆಗೆದ ಸಕ್ಕರೆ ಜಾತಿಯ ವಸ್ತು. ಜೆಲಟಿನ್ ಪ್ರಾಣಿಗಳ ಚರ್ಮ ಮತ್ತು ಎಲುಬಿನಿಂದ ಬರುವುದರಿಂದ ಮುಟ್ಟಲು ಒಪ್ಪದ ಮಕ್ಕಳು ನಮ್ಮ ತರಗತಿಗಳಲ್ಲಿ ಇರುತ್ತಾರೆ. ಅವರನ್ನು ಒತ್ತಾಯಿಸುವುದು ತರವಲ್ಲ. ಮೊದಲೇ ತಿಳಿಸಿ, ಅವರಿಗೆ ಹಾಲಿನ ಪ್ರಯೋಗವನ್ನು ವಹಿಸಿದರೆ ಸಾಕು. ಪಪ್ಪಾಯಿಯ ಸೊನೆಯೂ ಚರ್ಮಕ್ಕೆ ತುರಿಕೆ ತರುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಕಾಯಿಯನ್ನು ಗೀರುವ ಕೆಲಸವನ್ನು ಅಧ್ಯಾಪಕರೇ ಮಾಡುವುದು ಮೇಲು.

ಚೈನಾ ಗ್ರಾಸ್ ಎಂದೆ. ಪ್ರಯೋಗಾಲಯದ ಅಗರ್ ಎಂಬುದು ಇದರದೇ ಶುದ್ಧ ರೂಪ. ಜರ್ಮನಿಯ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳನ್ನು ಜೆಲಟಿನಿನ ಮೇಲೆ ಬೆಳೆಸಲು ಹೋಗಿ, ಸೆಕೆಗೆ ಅದು ಕರಗಿ, ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ತಿಂದು ನೀರು ಮಾಡಿ ತೊಂದರೆಯಾಗುತ್ತಿದ್ದಾಗ, 1881ರಲ್ಲಿ ಅಗರನ್ನು ಸೂಚಿಸಿದವರು ಅಲ್ಲಿನ ಸಂಶೋಧಕ ವಾಲ್ಟರ್ ಹೆಸ್ಸೆಯ ಪತ್ನಿ ಫ್ಯಾನಿ ಹೆಸ್ಸೆ. ಅವರಿಗೆ ಅದು ಅಡುಗೆಮನೆಯ ಪರಿಚಯ. ಕರಗಲು ಸುಮಾರು 85 ಡಿಗ್ರಿ ಬೇಕು, ಮತ್ತೆ ಗಟ್ಟಿಯಾಗುವುದು 40 ಡಿಗ್ರಿಗಿಂತ ಕೆಳಗೆ. ಕಾಸರಗೋಡಿನ ಏಪ್ರಿಲ್ ತಿಂಗಳಲ್ಲಿಯೂ ಕರಗದ ಆಧಾರ ಅದು. 200 ಗ್ರಾಂ ಆಲೂಗಡ್ಡೆ ಬೇಯಿಸಿದ ನೀರು, 20 ಗ್ರಾಂ ಗ್ಲೂಕೋಸ್, 15 ಗ್ರಾಂ ಅಗರ್ ಸೇರಿಸಿ ಒಂದು ಲೀಟರ್ ಮಾಡಿದರೆ ಬೂಷ್ಟು ಬೆಳೆಸುವ ಮಾಧ್ಯಮ ಸಿದ್ಧ. ಮನೆಯ ಪ್ರೆಷರ್ ಕುಕ್ಕರ್ ಪೂರ್ಣ ಒತ್ತಡದಲ್ಲಿ 120 ಡಿಗ್ರಿಯ ಹತ್ತಿರ ಹೋಗುವುದರಿಂದ ಇಪ್ಪತ್ತು ನಿಮಿಷದಲ್ಲಿ ಕ್ರಿಮಿಶುದ್ಧಿಯಾಗುತ್ತದೆ. ಒಂದು ತಟ್ಟೆಯ ಒಂದು ಬದಿಗೆ ಹಳಸಿದ ರೊಟ್ಟಿಯ ಬೂಷ್ಟು, ಇನ್ನೊಂದು ಬದಿಗೆ ಗೊಬ್ಬರದ ಅಂಗಡಿಯಲ್ಲಿ ಸಿಗುವ ಟ್ರೈಕೊಡರ್ಮಾ (ಬೇರೆ ಬೂಷ್ಟುಗಳನ್ನು ಹತ್ತಿಕ್ಕುವ ಬೂಷ್ಟು) ಪುಡಿ; ಎರಡನೆಯ ತಟ್ಟೆಯಲ್ಲಿ ಬೂಷ್ಟು ಮಾತ್ರ. ಅಡಿಕೆ, ಕರಿಮೆಣಸಿನ ತೋಟಗಳಿಗೆ ಟ್ರೈಕೊಡರ್ಮಾ ತರುವ ಕೃಷಿಕರ ಮಕ್ಕಳಿಗೆ, ಆ ಪುಡಿ ಜೀವಂತವಾದದ್ದೆಂಬ ಸಂಗತಿ ಅಲ್ಲಿ ಮನದಟ್ಟಾಗುತ್ತದೆ. ತಟ್ಟೆಗಳನ್ನು ಟೇಪಿನಿಂದ ಮುಚ್ಚಬೇಕು, ಮುಚ್ಚಿದ ಮೇಲೆ ತೆರೆಯಕೂಡದು, ಕೊನೆಗೆ ಕುಕ್ಕರಿನಲ್ಲಿ ಬೇಯಿಸಿಯೇ ಎಸೆಯಬೇಕು. ಆ ಕುಕ್ಕರ್ ಮತ್ತೆ ಅಡುಗೆಮನೆಗೆ ಹೋಗಬಾರದು ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ. ಗಂಟಲಿನ, ಗಾಯದ, ಶೌಚಾಲಯದ ಮಾದರಿಗಳನ್ನು ತಟ್ಟೆಯಲ್ಲಿ ಬೆಳೆಸುವ ಉತ್ಸಾಹ ಮಕ್ಕಳಿಗೆ ಇದ್ದೇ ಇರುತ್ತದೆ. ಅದಕ್ಕೆ ಅವಕಾಶ ಕೊಡಬಾರದು.

ಡಿಎನ್‌ಎ ಬೆರಳಚ್ಚಿನ ಪಾಠಕ್ಕೆ ಬಂದರೆ, 1984ರಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ವಿಜ್ಞಾನಿ ಅಲೆಕ್ ಜೆಫ್ರೀಸ್ ಕಂಡ, ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುವ ಡಿಎನ್‌ಎ ಗೆರೆಗಳನ್ನು ನಾವು ಶಾಲೆಯಲ್ಲಿ ತೋರಿಸಲಾರೆವು. ಆದರೆ ಗೆರೆಗಳು ಬೇರ್ಪಡುವ ತತ್ತ್ವವನ್ನು ತೋರಿಸಬಹುದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಗರಿನ ಒಂದು ಹಲಗೆ, ಅದರ ಮೇಲೆ ಅಡುಗೆ ಸೋಡಾ ಕರಗಿಸಿದ ತೆಳು ನೀರು, ಎರಡು ತುದಿಗೆ ಪೆನ್ಸಿಲ್ಲಿನ ಒಳಗಿನ ಗ್ರಾಫೈಟ್ ಕಡ್ಡಿಗಳು, ಒಂದಕ್ಕೊಂದು ಜೋಡಿಸಿದ ಐದು 9 ವೋಲ್ಟಿನ ಬ್ಯಾಟರಿಗಳು, ಇಷ್ಟೇ ಸಾಮಗ್ರಿ. ಹಲಗೆಯ ಗುಳಿಗಳಿಗೆ ಮಿಠಾಯಿಗೆ ಹಾಕುವ ಹಸಿರು ಬಣ್ಣವನ್ನು ಸಕ್ಕರೆ ಪಾಕದೊಂದಿಗೆ ಇಳಿಸಬೇಕು. ಹಸಿರು ಎಂದು ಮಾರುವ ಬಣ್ಣ ಸಾಮಾನ್ಯವಾಗಿ ಹಳದಿ ಮತ್ತು ನೀಲಿಯ ಮಿಶ್ರಣ. ಸ್ವಲ್ಪ ಹೊತ್ತಿನಲ್ಲಿ ಎರಡೂ ಧನ ಧ್ರುವದ ಕಡೆಗೆ ಹೊರಟು, ಹಳದಿ ಮುಂದೆ, ನೀಲಿ ಹಿಂದೆ ಎಂದು ದಾರಿ ಬೇರೆಯಾಗುತ್ತದೆ. ಚೈನಾ ಗ್ರಾಸ್ ಬಳಸಿದರೆ ಗೆರೆಗಳು ಸ್ವಲ್ಪ ಮಸುಕಾಗಬಹುದು, ಚಿಂತೆಯಿಲ್ಲ. ಬ್ಯಾಟರಿಯ ತಂತಿಗಳನ್ನು ಅದಲುಬದಲು ಮಾಡಿದ ಇನ್ನೊಂದು ಡಬ್ಬಿ ಪಕ್ಕದಲ್ಲಿರಲಿ, ಅದರಲ್ಲಿ ಬಣ್ಣಗಳು ಎದುರು ದಿಕ್ಕಿಗೆ ಹೋಗುತ್ತವೆ. ಬಣ್ಣವನ್ನು ಎಳೆದದ್ದು ನೀರಿನ ಹರಿವಲ್ಲ, ವಿದ್ಯುತ್ತು ಎಂದು ನಂಬಿಸಲು ಬೇರೆ ಮಾತು ಬೇಕಾಗಿಲ್ಲ. ಗೋಡೆಯ ವಿದ್ಯುತ್ತನ್ನು ಇದಕ್ಕೆ ಯಾವ ಕಾರಣಕ್ಕೂ ಜೋಡಿಸಬಾರದು.

ಶಾಲೆಯಲ್ಲಿ ಮಾಡಬಾರದ್ದೂ ಇದೆ. ಬ್ಯಾಕ್ಟೀರಿಯಾಕ್ಕೆ ಹೊಸ ಜೀನನ್ನು ಸೇರಿಸುವ ಕಿಟ್ಟುಗಳು ವಿದೇಶದ ಶಾಲೆಗಳಲ್ಲಿ ಬಳಕೆಯಲ್ಲಿವೆ. ನಮ್ಮಲ್ಲಿ ಅಂಥ ಜೀವಿಗಳ ಬಳಕೆಗೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳು ಅನ್ವಯಿಸುತ್ತವೆ, ಆದ್ದರಿಂದ ಅದು ಶಾಲೆಯ ಮಟ್ಟದ ಕೆಲಸವಲ್ಲ. ಬೆರಳು ಚುಚ್ಚಿ ರಕ್ತದ ಗುಂಪು ನೋಡುವುದೂ ಬೇಡ. ಅಂಗಾಂಶ ಕೃಷಿಯನ್ನು, ಅಂದರೆ ಗಿಡದ ಸಣ್ಣ ಚೂರಿನಿಂದ ಹೊಸ ಗಿಡ ಬೆಳೆಸುವುದನ್ನು, ನಾವೇ ಮಾಡಹೊರಟರೆ ಬೂಷ್ಟು ಬೆಳೆಯುವುದೇ ಹೆಚ್ಚು. ಅದನ್ನು ನೋಡಲು ಕಾಸರಗೋಡಿನ ಹತ್ತಿರದ ಕೂಡ್ಲಿಗೆ ಹೋಗುವುದು ವಾಸಿ. ಅಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದದ್ದೇ 1970ರಿಂದ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿದೆ. ಹೋಗುವ ಮೊದಲು ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟು ಕಳುಹಿಸಬೇಕು: ಬಾಳೆಗೆ ಬುಡದಲ್ಲಿ ಕಂದು (ಮರಿಗಿಡ) ಬರುತ್ತದೆ, ತೆಂಗಿಗೆ ಬರುವುದಿಲ್ಲ, ತೆಂಗಿಗೆ ಬೆಳೆಯುವ ಕುಡಿ ಒಂದೇ. ಹಾಗಿರುವಾಗ ಒಳ್ಳೆಯ ಒಂದು ತೆಂಗಿನ ಮರದಂಥದೇ ನೂರು ಮರಗಳನ್ನು ಪಡೆಯುವುದು ಹೇಗೆ? ಪ್ರಶ್ನೆಯಿಲ್ಲದೆ ಹೋದ ಪ್ರವಾಸದಲ್ಲಿ ಮಕ್ಕಳಿಗೆ ನೆನಪುಳಿಯುವುದು ಬಸ್ಸು ಮತ್ತು ಐಸ್‌ಕ್ರೀಮು.

ನಿರಂತರ ಮೌಲ್ಯಮಾಪನದ ಅಂಕ ಕೊಡುವಾಗ, ಫಲಿತಾಂಶ ಪುಸ್ತಕದಲ್ಲಿದ್ದಂತೆ ಬಂತೋ ಇಲ್ಲವೋ ಎಂದು ನೋಡದೆ, ಎರಡು ಲೋಟಗಳಲ್ಲಿ ಏನನ್ನು ಬದಲಿಸಿದ್ದೀರಿ, ಏನನ್ನು ಬದಲಿಸದೆ ಉಳಿಸಿದ್ದೀರಿ ಎಂಬ ಎರಡು ಸಾಲುಗಳಿಗೆ ಅಂಕ ಕೊಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಪುಸ್ತಕದ ಫಲಿತಾಂಶಕ್ಕೆ ಅಂಕವಿದ್ದರೆ ಮಕ್ಕಳು ಪುಸ್ತಕವನ್ನೇ ನಕಲು ಮಾಡಿ ತರುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಹಿಂದಿನ ಮೇಜುಗಳ ಮೇಲೆ ಹಾಲು, ಕುದಿಸಿದ ಸೊನೆ, ಕುದಿಸದ ಸೊನೆ, ಅನಾನಸಿನ ರಸ ಮತ್ತು ಉಷ್ಣತಾಮಾಪಕಗಳನ್ನು ಇರಿಸಲಾಗಿದೆ. ಚಹಾ ಆದ ಮೇಲೆ ನಾಲ್ಕು ನಾಲ್ಕು ಮಂದಿಯ ಗುಂಪಾಗಿ ಕುಳಿತು ಮಾಡಿ ನೋಡೋಣ. ಯಾವ ಲೋಟದಲ್ಲಿ ಯಾವ ಸೊನೆಯಿದೆ ಎಂಬುದನ್ನು ನಾನು ಬರೆದಿಟ್ಟಿಲ್ಲ, ಅದನ್ನು ನೀವೇ ಕಂಡುಹಿಡಿಯಬೇಕು.