ಉಪಗ್ರಹ ನಿಮ್ಮನ್ನು ನೋಡುತ್ತಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ‘ಹಡಗು, ವಿಮಾನ ಮತ್ತು ಕಂಪ್ಯೂಟರಿಗೆ ಬೇಕಾದ ತಂತ್ರಜ್ಞಾನ ಸಂಶೋಧನೆ’. ಹತ್ತು ನಿಮಿಷಕ್ಕೆ ಇದು ತುಂಬಾ ದೊಡ್ಡ ಊಟ. ನಾನು ಒಂದೇ ತುತ್ತು ಎತ್ತಿಕೊಳ್ಳುತ್ತೇನೆ, ದಾರಿ ತೋರಿಸುವ ಉಪಗ್ರಹ. ಈಗ ಕೇಳುತ್ತಿರುವವರಲ್ಲಿ ಮಲ್ಪೆ, ಗಂಗೊಳ್ಳಿ, ಹೊನ್ನಾವರದ ಬೋಟಿನವರು ಇರಬಹುದು. ಕಡಲಿಗೆ ಹೋದವರು ಇನ್ನೂ ಬಂದಿಲ್ಲವಲ್ಲ ಎಂದು ಕಾಯುತ್ತಾ, ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡವರೂ ಇರಬಹುದು. ನಾನು ಮಾತಾಡುತ್ತಿರುವುದು ನಿಮ್ಮ ಹತ್ತಿರವೇ.

ಮೊದಲೇ ಹೇಳಿಬಿಡುತ್ತೇನೆ. ಜಿಪಿಎಸ್ ಉಪಗ್ರಹ ನಿಮ್ಮನ್ನು ನೋಡುತ್ತಿಲ್ಲ. ನೀವು ಎಲ್ಲಿದ್ದೀರಿ ಅಂತ ಅದಕ್ಕೆ ಗೊತ್ತೇ ಇಲ್ಲ. ಅದು ಮೇಲೆ ಕೂತು ಗಂಟೆ ಹೊಡೆಯುತ್ತದೆ, ಅಷ್ಟೇ. ಈಗ ನಾನು ಇಲ್ಲಿ ಮೈಕಿನ ಮುಂದೆ ಕೂತು ಮಾತಾಡುತ್ತಿದ್ದೇನೆ. ನೀವು ಯಾವ ಊರಿನಲ್ಲಿ, ಯಾವ ಜಗಲಿಯಲ್ಲಿ ಕೂತು ಕೇಳುತ್ತಿದ್ದೀರಿ ಅಂತ ನನಗೆ ಗೊತ್ತಾ? ಇಲ್ಲ ಅಲ್ವಾ? ಉಪಗ್ರಹವೂ ಹಾಗೆಯೇ. ಓದಿದವರು, ದೊಡ್ಡ ಕೆಲಸದಲ್ಲಿ ಇರುವವರು ಕೂಡ ‘ಸ್ಯಾಟಲೈಟ್ ಮೇಲಿಂದ ನೋಡುತ್ತಿರುತ್ತದೆ’ ಎನ್ನುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಸುಮ್ನೆ ಬಾಯಿಮಾತಿನ ತಪ್ಪಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಕಡಲಿನಲ್ಲಿ ಇದನ್ನು ನಂಬಿ ಕೂತರೆ ಜೀವಕ್ಕೇ ಅಪಾಯ.

ಹದಿನಾರು ವರ್ಷದ ಹಿಂದಿನ ಮಾತು. ಅಕ್ಟೋಬರ್ ತಿಂಗಳು. ನಾವು ಮಾಡಿದ್ದ, ಉಪಗ್ರಹದ ಸಂಕೇತ ಹಿಡಿಯುವ ಒಂದು ರಿಸೀವರ್ ಉಪ್ಪುಗಾಳಿಗೆ, ಬೋಟಿನ ಕುಲುಕಾಟಕ್ಕೆ ತಡೆಯುತ್ತದೋ ಇಲ್ಲವೋ ನೋಡಬೇಕಿತ್ತು. ಮಲ್ಪೆಯಿಂದ ಒಂದು ಟ್ರಾಲ್ ಬೋಟ್ ಹತ್ತಿದೆ. ಲ್ಯಾಬಿನಲ್ಲಿ ಚಿನ್ನದಂಥ ಯಂತ್ರ. ಎರಡನೇ ದಿನಕ್ಕೇ ಅದರ ಕನೆಕ್ಟರ್ ಹಸಿರು ಕಟ್ಟಿ ಕೂತಿತು. ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವವರು, ಏನೂ ಹೇಳದೆ ಅದನ್ನು ಉಜ್ಜಿ, ಗ್ರೀಸ್ ಹಚ್ಚಿ, ಮೇಲೆ ಒಂದು ಪ್ಲಾಸ್ಟಿಕ್ ತೊಟ್ಟೆ ಸುತ್ತಿ ಕೊಟ್ಟರು. ನಮ್ಮ ವರದಿಯಲ್ಲಿ ಆ ತೊಟ್ಟೆಗೆ ‘ಹೊರ ರಕ್ಷಣಾ ಕವಚ’ ಎಂದು ಬರೆದೆವು!

ತಾಂಡೇಲರು ನಲವತ್ತು ವರ್ಷ ಕಡಲು ಕಂಡವರು. ಅವರ ಅಪ್ಪ ಹಗಲು ಕುದುರೆಮುಖದ ಗುಡ್ಡ ನೋಡಿ, ರಾತ್ರಿ ಕಾಪು ದೀಪಸ್ತಂಭದ ಬೆಳಕು ನೋಡಿ ದಡ ಸೇರುತ್ತಿದ್ದರಂತೆ. ಇವರ ಹತ್ತಿರ ಜಿಪಿಎಸ್ ಪೆಟ್ಟಿಗೆ ಇತ್ತು. ಅದರಲ್ಲಿ ನೂರಾರು ‘ಪಾಯಿಂಟ್’. ಎಲ್ಲಿ ಬಂಡೆ ಇದೆ, ಎಲ್ಲಿ ಬಲೆ ಹರಿದಿತ್ತು, ಯಾವ ತಿಂಗಳಲ್ಲಿ ಎಲ್ಲಿ ಬೊಂಡಾಸ್ (ಸ್ಕ್ವಿಡ್) ಸಿಕ್ಕಿತ್ತು, ಎಲ್ಲವೂ ಅದರೊಳಗೆ. ಸ್ವಂತ ಭಾವ ಬಂದರೂ ಆ ಪರದೆಯನ್ನು ಕೈಯಿಂದ ಮುಚ್ಚುತ್ತಿದ್ದರು.

ಮೂರನೇ ರಾತ್ರಿ ಎಂಜಿನ್ ನಿಂತಿತು. ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ವಯರ್‌ಲೆಸ್‌ನಲ್ಲಿ ಎರಡು ಸಲ ಕರೆದರು, ಯಾರೂ ಉತ್ತರಿಸಲಿಲ್ಲ. ದೂರದಲ್ಲಿ ಮಿಂಚು ಶುರುವಾಗಿತ್ತು. ತಾಂಡೇಲರು ಆರಾಮಾಗಿ ಗಂಜಿ ಊಟಕ್ಕೆ ಕೂತರು. ನನ್ನ ಮುಖ ನೋಡಿ ಹೇಳಿದರು: “ಹೆದರಿಕೆ ಎಂತದು ಸರ್? ಜಿಪಿಎಸ್ ಆನ್ ಉಂಟಲ್ಲ. ಸ್ಯಾಟಲೈಟ್ ಮೇಲಿಂದ ನೋಡ್ತಾ ಉಂಟು. ಬೆಳಿಗ್ಗೆ ಕೋಸ್ಟ್ ಗಾರ್ಡಿನವರು ಬರ್ತಾರೆ.”

ನನಗೆ ಗಂಜಿ ಗಂಟಲಲ್ಲೇ ನಿಂತಿತು. ಆ ಬೋಟಿನಲ್ಲಿದ್ದ ಎಂಟು ಜನರಲ್ಲಿ, ನಮ್ಮನ್ನು ಯಾರೂ ನೋಡುತ್ತಿಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ.

ಹೇಗೆ ಹೇಳುವುದು? ಅಷ್ಟರಲ್ಲಿ ಮತ್ತೊಂದು ಮಿಂಚು. ಮೂಲೆಯಲ್ಲಿ ಕೂತಿದ್ದ ಕಲಾಸಿ ಹುಡುಗ, ಬೋಟಿನ ಕೆಲಸದವನು, ಮೆಲ್ಲಗೆ ಎಣಿಸಲು ಶುರುಮಾಡಿದ. ಒಂದು, ಎರಡು, ಮೂರು... ಒಂಬತ್ತಕ್ಕೆ ಗುಡುಗು ಕೇಳಿತು. “ದೂರ ಉಂಟು” ಎಂದ. ನಾನು ಕೇಳಿದೆ: “ಆ ಮಿಂಚು ನಿನ್ನನ್ನು ನೋಡಿತಾ?” ಅವನು ನಕ್ಕ. “ಇಲ್ಲ ಅಲ್ವಾ? ಅದು ಶಬ್ದ ಮಾಡಿತು. ನೀನು ಕೇಳಿ, ಎಣಿಸಿ, ದೂರ ಎಷ್ಟು ಅಂತ ಕಂಡುಕೊಂಡೆ. ಮೂರು ಎಣಿಸಿದರೆ ಒಂದು ಕಿಲೋಮೀಟರ್. ನಿಮ್ಮ ಪೆಟ್ಟಿಗೆಯೂ ಅದನ್ನೇ ಮಾಡುತ್ತದೆ. ಉಪಗ್ರಹ ಗಂಟೆ ಹೊಡೆಯುತ್ತದೆ, ಪೆಟ್ಟಿಗೆ ಕೇಳುತ್ತದೆ, ಎಣಿಸುತ್ತದೆ.”

ತಾಂಡೇಲರು ತಟ್ಟೆ ಕೆಳಗಿಟ್ಟರು. “ಹಾಗಾದ್ರೆ ನಾವು ಇಲ್ಲಿ ಇರುವುದು ನಮಗೆ ಮಾತ್ರ ಗೊತ್ತಾ?”

“ಹೌದು.”

ಎದ್ದು ಹೋಗಿ ವಯರ್‌ಲೆಸ್ ಹಿಡಿದವರು ರಾತ್ರಿಯಿಡೀ ಕರೆದರು. ಬೆಳಗಿನ ಜಾವ ಗಂಗೊಳ್ಳಿಯ ಒಂದು ಬೋಟಿನವರು ಉತ್ತರ ಕೊಟ್ಟರು. ಇವರು ಪೆಟ್ಟಿಗೆ ನೋಡಿ ಅಂಕಿ ಓದಿ ಹೇಳಿದರು. ಎರಡು ಗಂಟೆಯಲ್ಲಿ ಆ ಬೋಟು ಸರಿಯಾಗಿ ನಮ್ಮ ಪಕ್ಕಕ್ಕೇ ಬಂತು. ಹಗ್ಗ ಕಟ್ಟಿ ಎಳೆದು ತಂದರು. ಜಿಪಿಎಸ್ ಜಾಗ ಹೇಳಿದ್ದು ತಾಂಡೇಲರಿಗೆ. ಅದನ್ನು ಇನ್ನೊಬ್ಬರಿಗೆ ಮುಟ್ಟಿಸಿದ್ದು ತಾಂಡೇಲರು.

ಕಥೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಗುಡುಗು ನಿಧಾನ, ಬಾಯಲ್ಲಿ ಎಣಿಸಿದರೂ ಸಾಕು. ಉಪಗ್ರಹದ ರೇಡಿಯೋ ಸಂಕೇತ ಹಾಗಲ್ಲ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಗಂಟೆ ಹೊಡೆಯುವ ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಆಚೆ ಈಚೆ ಆದರೆ ಲೆಕ್ಕ 300 ಮೀಟರ್ ತಪ್ಪುತ್ತದೆ. ಬಂಡೆಯ ಪಕ್ಕದಲ್ಲಿ ಬಲೆ ಎಳೆಯುವವರಿಗೆ 300 ಮೀಟರ್ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಅದಕ್ಕೇ ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರ ಇಡುತ್ತಾರೆ. ನಿಮ್ಮ ಮೊಬೈಲಿನ ಗಡಿಯಾರವೋ, ತೀರಾ ಅಗ್ಗದ್ದು. ಹಾಗಾಗಿ ಜಾಗ ಕಂಡುಹಿಡಿಯಲು ಮೂರು ಉಪಗ್ರಹಗಳ ದೂರ ಎಣಿಸಿದರೆ ಸಾಲದು, ನಾಲ್ಕು ಬೇಕು. ನಾಲ್ಕನೆಯದು ನಿಮ್ಮ ಗಡಿಯಾರದ ತಪ್ಪನ್ನು ಹಿಡಿದು ತಿದ್ದುವುದಕ್ಕೆ. ಈ ಲೆಕ್ಕವನ್ನೆಲ್ಲ ಮಾಡುವುದು ನಿಮ್ಮ ಕೈಯಲ್ಲಿರುವ ಸಣ್ಣ ಕಂಪ್ಯೂಟರ್, ಮೇಲಿರುವ ಉಪಗ್ರಹ ಅಲ್ಲ.

ಜಿಪಿಎಸ್ ಥರವೇ ದಾರಿ ತೋರಿಸುವ ಉಪಗ್ರಹಗಳ ಗುಂಪು ನಮ್ಮ ದೇಶದ್ದೇ ಇದೆ, ಹೆಸರು ನಾವಿಕ್. ಅದರ ಮೊದಲ ಉಪಗ್ರಹ ಮೇಲೆ ಹೋದದ್ದು 2013ರ ಜುಲೈಯಲ್ಲಿ. ಅದರಲ್ಲಿ ಹೊರದೇಶದಿಂದ ತಂದ ಮೂರು ಗಡಿಯಾರಗಳಿದ್ದವು. ಮೂರೂ ಕೆಟ್ಟವು. ಉಪಗ್ರಹ ಗಟ್ಟಿಯಾಗಿಯೇ ಇತ್ತು, ಆದರೆ ಗಡಿಯಾರ ಸತ್ತ ಮೇಲೆ ದಾರಿ ತೋರಿಸುವ ಕೆಲಸಕ್ಕೆ ಅದು ಬರಲಿಲ್ಲ. ಆಮೇಲೆ ಅಹಮದಾಬಾದಿನ ಇಸ್ರೋ ಕೇಂದ್ರದ ನಮ್ಮವರು ರುಬಿಡಿಯಂ ಎಂಬ ಲೋಹದ ಪರಮಾಣು ಗಡಿಯಾರ ಮಾಡಿದರು. 2023ರ ಮೇ 29ರಂದು ಎನ್‌ವಿಎಸ್-01 ಉಪಗ್ರಹದಲ್ಲಿ ಅದು ಮೇಲೆ ಹೋಯಿತು. ಅವತ್ತು ನಮ್ಮ ಮನೆಯಲ್ಲಿ ಪಾಯಸ.

ಇನ್ನು ವಿಮಾನ. ನಮ್ಮ ತಲೆಯ ಮೇಲೆ ಬಹಳ ಎತ್ತರದಲ್ಲಿ, ಬಿಸಿಲಿಗೆ ವಿದ್ಯುತ್ ತುಂಬಿಕೊಂಡ ಗಾಳಿಯ ಒಂದು ಪದರ ಇದೆ, ಅಯಾನುಗೋಳ. ಸಂಕೇತ ಅದನ್ನು ದಾಟುವಾಗ ತಡವಾಗುತ್ತದೆ. ಭೂಮಿಯ ಕಾಂತ ಸಮಭಾಜಕ, ಅಂದರೆ ಭೂಮಿಯ ಎರಡು ಕಾಂತ ಧ್ರುವಗಳ ನಡುವಿನ ಗೆರೆ, ದಕ್ಷಿಣ ಭಾರತದ ಮೇಲೆಯೇ ಹಾದುಹೋಗುವುದರಿಂದ ಇಲ್ಲಿ ಆ ಕಾಟ ಜಾಸ್ತಿ. ಆ ತಡವನ್ನು ಲೆಕ್ಕ ಹಾಕುವ ಬೇರೆ ದೇಶದವರ ಸೂತ್ರ ನಮಗೆ ಹೊಂದಲಿಲ್ಲ. ಇಸ್ರೋದವರು ಬೇರೆಯದೇ ಲೆಕ್ಕ ಕಟ್ಟಿದರು. ಆ ಲೆಕ್ಕ ಬಳಸಿ ವಿಮಾನಗಳಿಗೆ ತಪ್ಪು ತಿದ್ದಿಕೊಡುವ ವ್ಯವಸ್ಥೆಯೇ ಗಗನ್. ದೇಶದ 15 ಕಡೆ ಸಂಕೇತ ಕೇಳುತ್ತಾರೆ. ಬೆಂಗಳೂರಿನ ಕುಂದಲಹಳ್ಳಿಯಲ್ಲಿ ತಪ್ಪು ಎಷ್ಟು ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆ ತಿದ್ದುಪಡಿಯನ್ನು ಉಪಗ್ರಹದ ಮೂಲಕ ವಿಮಾನಕ್ಕೆ ಕಳಿಸುತ್ತಾರೆ. 2022ರ ಏಪ್ರಿಲಿನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಒಂದು ಇಂಡಿಗೋ ವಿಮಾನ ಗಗನ್ ಹಿಡಿದೇ ಇಳಿಯಿತು. ಇದರ ಬಗ್ಗೆ ಒಂದು ಗಂಟೆ ಮಾತಾಡಬಹುದು, ಆದರೆ ಸಮಯ ಇಲ್ಲ.

ಬೋಟಿನವರಿಗೆ ಮಾತ್ರ ಇನ್ನೊಂದು ಮಾತು. 2019ರಲ್ಲಿ ಜೆಮಿನಿ ಎಂಬ ಪುಟ್ಟ ಪೆಟ್ಟಿಗೆ ಬಂತು. ಗಾಳಿ ಮಳೆಯ ಎಚ್ಚರಿಕೆ, ಮೀನು ಎಲ್ಲಿ ಸಿಗಬಹುದು ಎಂಬ ಸುದ್ದಿ ಅದರಲ್ಲಿ ಬರುತ್ತದೆ. ಅದೂ ಈ ರೇಡಿಯೋ ಥರವೇ, ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ. ನೀವು ಎಲ್ಲಿದ್ದೀರಿ ಎಂದು ದಡಕ್ಕೆ ತಿಳಿಯಬೇಕಾದರೆ ನೀವು ಹೇಳಲೇಬೇಕು. ಅದಕ್ಕೆ ಬೇರೆಯದೇ ಯಂತ್ರ ಇದೆ, ಹೆಸರು ಡ್ಯಾಟ್. ಅಪಾಯ ಬಂದಾಗ ಗುಂಡಿ ಒತ್ತಿದರೆ ನಿಮ್ಮ ಜಾಗ ಉಪಗ್ರಹದ ಮೂಲಕ ಕೋಸ್ಟ್ ಗಾರ್ಡಿಗೆ ಹೋಗುತ್ತದೆ. 2024ರಲ್ಲಿ ಬಂದ ಎರಡನೇ ತಲೆಮಾರಿನ ಡ್ಯಾಟ್‌ಗೆ ‘ನಿಮ್ಮ ಕರೆ ಮುಟ್ಟಿದೆ’ ಎಂಬ ಉತ್ತರವೂ ವಾಪಸ್ ಬರುತ್ತದೆ. ರಾತ್ರಿ ಕಡಲಿನಲ್ಲಿ ಒಂಟಿಯಾಗಿ ನಿಂತವರಿಗೆ ಆ ಒಂದು ಸಾಲಿನ ಬೆಲೆ ಗೊತ್ತು. ದಡದ ಹತ್ತಿರ ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡಿನ ಸಂಖ್ಯೆ 1554. ಇನ್ನೊಮ್ಮೆ ಹೇಳುತ್ತೇನೆ, ಮನೆಯವರು ಗೋಡೆ ಮೇಲೆ ಬರೆದಿಡಿ: 1-5-5-4.

ಆ ತಾಂಡೇಲರು ಈಗ ಕಡಲಿಗೆ ಹೋಗುವುದಿಲ್ಲ, ಮಗ ಹೋಗುತ್ತಾನೆ. ಮೊನ್ನೆ ಫೋನ್ ಮಾಡಿದ್ದೆ. ನಾವಿಕ್, ಗಗನ್, ಹೊಸ ಗಡಿಯಾರ, ಎಲ್ಲ ವರದಿ ಒಪ್ಪಿಸಿದೆ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು: “ಹಾಗಾದ್ರೆ ಈಗ ಆದ್ರೂ ನೋಡ್ತದಾ ಸರ್?”

“ಇಲ್ಲ ಮಾರಾಯ್ರೆ” ಎಂದೆ.

“ಹಾಗಾದ್ರೆ ಮಗನಿಗೆ ಆ ಗುಂಡಿ ಇರುವ ಪೆಟ್ಟಿಗೆ ಹಾಕಿಸ್ತೇನೆ” ಎಂದು ಫೋನಿಟ್ಟರು.

ನಮಸ್ಕಾರ.